ಖಾಲಿ ಆಕಾಶದ ಒಂದು ಚಿತ್ರ

ಹೋದ ತಿಂಗಳು ಗುಂಡ್ಲುಪೇಟೆ ತರಕಾರಿ ಮಾರುಕಟ್ಟೆಗೆ ಹೋಗಿದ್ದೆ. ನಡು ಮಧ್ಯಾಹ್ನ ಹೇಳದೆ ಕೇಳದೆ ಮಳೆ ಬಂತು. ಸಣ್ಣ ಈರುಳ್ಳಿ ರಾಶಿ ಹಾಕಿಕೊಂಡು ಕೂತಿದ್ದ ವ್ಯಾಪಾರಿ ಗಡಿಬಿಡಿಯಲ್ಲಿ ಹಳೆಯ ಫ್ಲೆಕ್ಸೊಂದನ್ನು ಎಳೆದು ರಾಶಿಯ ಮೇಲೆ ಹೊದಿಸಿದ. ಫ್ಲೆಕ್ಸಿನಲ್ಲಿ ಒಬ್ಬ ಹುಡುಗಿಯ ಮುಖ. ಒಂದು ಕಣ್ಣು ಬಿಸಿಲಿಗೆ ಬೆಳ್ಳಗಾಗಿತ್ತು. ತಲೆಯ ಮೇಲೆ ಪದವಿ ಪ್ರದಾನದ ಕರಿ ಟೋಪಿ, ಪಕ್ಕದಲ್ಲಿ ಉಂಗುರ ತೊಟ್ಟ ಒಂದು ಗ್ರಹ, ಅದರ ಮೇಲೊಂದು ಕಾಮನಬಿಲ್ಲು. ಕೆಳಗೆ 'ಶುಕ್ರ ಗ್ರಹದ ವಿಜ್ಞಾನಿ ಕು. ಎಸ್. ಮಂಜುಳಾ ಅವರಿಗೆ ಹಾರ್ದಿಕ ಅಭಿನಂದನೆಗಳು' ಎಂದು ದಪ್ಪ ಅಕ್ಷರ. ಅದು ನಾನೇ. ವ್ಯಾಪಾರಿ ನನ್ನ ಮುಖ ನೋಡಿದ, ಫ್ಲೆಕ್ಸ್ ನೋಡಲಿಲ್ಲ. "ಎಷ್ಟ್ ಹಾಕ್ಲಕ್ಕ?" ಎಂದ. ಎರಡು ಕೆಜಿ ಹಾಕಿಸಿಕೊಂಡು ಬಂದೆ.

ನನ್ನ ಮುಖ ಕೊನೆಗೂ ಒಂದು ಉಪಯೋಗಕ್ಕೆ ಬಂತಲ್ಲ ಎಂದು ದಾರಿಯಲ್ಲಿ ನಗು ಬಂತು. ಮನೆಗೆ ಬಂದು ಈರುಳ್ಳಿ ಬಿಡಿಸುತ್ತ ಕೂತಾಗ ನಗು ಹೋಗಿ ಸಿಟ್ಟು ಬಂದಿತ್ತು. ಇಷ್ಟು ವರ್ಷವಾದರೂ ಆ ಸಿಟ್ಟು ಒಂದು ಚೂರೂ ಇಳಿದಿಲ್ಲ. ಇಳಿಯಲಿ ಎಂದು ನಾನೂ ಬಯಸಿಲ್ಲ.

ಆ ಫ್ಲೆಕ್ಸ್ ಮಾಡಿಸಿದ ವರ್ಷ ನಾನು ಚಾಮರಾಜನಗರದ ಒಂದು ಕಾಲೇಜಿನಲ್ಲಿ ಭೌತವಿಜ್ಞಾನದ ಅತಿಥಿ ಉಪನ್ಯಾಸಕಿ. ಅತಿಥಿ ಎನ್ನುವುದು ಹೆಸರಿಗೆ. ಸ್ಟಾಫ್ ರೂಮಿನಲ್ಲಿ ಅತಿಥಿಗೆ ಒಂದು ಕುರ್ಚಿಯೂ ಇರಲಿಲ್ಲ. ಜೊತೆಗೆ ಅದೇ ಕಾಲೇಜಿನ ಸಂಶೋಧನಾ ಕೇಂದ್ರದಲ್ಲಿ ಷಡಕ್ಷರಿ ಸರ್ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದೆ. ಬೆಳಿಗ್ಗೆ ಗುಂಡ್ಲುಪೇಟೆಯಿಂದ ಬಸ್ಸು, ಸಂಜೆ ವಾಪಸ್ಸು. ತೆರಕಣಾಂಬಿ ಆಚೀಚೆ ರಸ್ತೆಯ ಎರಡೂ ಕಡೆ ಸೂರ್ಯಕಾಂತಿ, ಚೆಂಡು ಹೂವಿನ ಹೊಲಗಳು. ಅವ್ವ ಆ ಹೊಲಗಳಿಗೇ ಹೂ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಕೇರಳದಿಂದ ಬಂದವರು ಕಾರು ನಿಲ್ಲಿಸಿ ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುವಾಗ ಅವ್ವ, ಅವಳ ಜೊತೆಯವರು ಚಿತ್ರದಲ್ಲಿ ಬಾರದ ಹಾಗೆ ಪಕ್ಕಕ್ಕೆ ಸರಿಯಬೇಕಿತ್ತು. ಕಾಲೇಜಿನಲ್ಲಿ ಭೌತವಿಜ್ಞಾನದ ಒಂದು ಕಾಯಂ ಹುದ್ದೆ ಖಾಲಿಯಾಗುವುದಿತ್ತು. "ಈ ವರ್ಷದೊಳಗೆ ಡಾಕ್ಟರೇಟ್ ಮುಗಿಸಮ್ಮ, ಹುದ್ದೆ ನಿಂದೇ" ಎಂದು ಸರ್ ಹೇಳಿದ್ದರು. ನನ್ನ ಜೀವವೆಲ್ಲ ಆ ಒಂದು ಮಾತಿಗೆ ಜೋತುಬಿದ್ದಿತ್ತು.

ಅಪ್ಪ ಲಾರಿ ಓಡಿಸುತ್ತಿದ್ದ. ಗುಂಡ್ಲುಪೇಟೆಯ ಈರುಳ್ಳಿ, ಟೊಮೆಟೊ, ಕೋಸು ತುಂಬಿಕೊಂಡು ಸುಲ್ತಾನ್ ಬತ್ತೇರಿ, ಕಲ್ಪೆಟ್ಟ ಕಡೆ ಹೋಗುವುದು. ಬಂಡೀಪುರ ಕಾಡಿನ ರಸ್ತೆಯನ್ನು ರಾತ್ರಿ ಮುಚ್ಚುವುದರಿಂದ ಮದ್ದೂರು ಚೆಕ್‌ಪೋಸ್ಟಿನಲ್ಲಿ ಲಾರಿಗಳು ಬೆಳಗಾಗುವುದನ್ನೇ ಕಾಯುತ್ತ ಸಾಲಾಗಿ ನಿಂತಿರುತ್ತವೆ. ಗೇಟು ತೆಗೆಯುವ ಮೊದಲು ಡ್ರೈವರುಗಳೆಲ್ಲ ಟೀ ಹಿಡಿದು ಮಾತಿಗೆ ಸೇರುತ್ತಾರೆ. ಕೆಲವು ತಿಂಗಳು, ಆ ಹೊತ್ತಿನಲ್ಲಿ, ಬಂದ ದಾರಿಯ ಕಡೆ ತಿರುಗಿ ನೋಡಿದರೆ ಬೆಳ್ಳಿ, ಅಂದರೆ ಶುಕ್ರ, ಹೊಳೆಯುತ್ತಿರುತ್ತದೆ. ನಾನು ಓದುತ್ತಿರುವುದು ಅದನ್ನೇ ಎಂದು ಗೊತ್ತಾದ ದಿನದಿಂದ ಅಪ್ಪನಿಗೆ ಬೆಳ್ಳಿ ಸ್ವಂತದ್ದಾಯಿತು. "ನೋಡ್ರಲಾ, ನನ್ ಮಗ್ಳು ಕೆಲ್ಸ ಮಾಡದು ಅಲ್ಲೇ ಕಣ್ರಲಾ" ಎಂದು ಎಲ್ಲರಿಗೂ ತೋರಿಸುತ್ತಿದ್ದನಂತೆ. ಮಲಯಾಳಿ ಡ್ರೈವರುಗಳಿಗೆ ತನ್ನ ಮುರುಕು ಮಲಯಾಳದಲ್ಲೂ ಅದನ್ನೇ ಹೇಳುತ್ತಿದ್ದ.

ಬೆಳ್ಳಿಯನ್ನು ನೋಡುವುದು ಸುಲಭ, ತಿಳಿಯುವುದು ಕಷ್ಟ. ಅದಕ್ಕೆ ಮೈತುಂಬ ದಪ್ಪ ಮೋಡ. ಸಾಮಾನ್ಯ ಕ್ಯಾಮೆರಾಗೆ ಬಿಳಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಆದರೆ ಮೋಡದ ಕೆಳಗೆ ಕುಲುಮೆಯಂಥ ಬಿಸಿ. ಆ ಬಿಸಿ ನಮ್ಮ ಕಣ್ಣಿಗೆ ಕಾಣದ ಬೆಳಕಾಗಿ, ಅಂದರೆ ಅವಕೆಂಪಾಗಿ, ಮೋಡ ತೆಳುವಿರುವ ಕಡೆ ಹೊರಗೆ ಸೋರುತ್ತದೆ. ಗ್ರಹದ ರಾತ್ರಿಯ ಮಗ್ಗುಲನ್ನು ಅವಕೆಂಪು ಕ್ಯಾಮೆರಾದಲ್ಲಿ ತೆಗೆದರೆ ಮೋಡ ದಪ್ಪವಿದ್ದಲ್ಲಿ ಕಪ್ಪು, ತೆಳುವಿದ್ದಲ್ಲಿ ಹೊಳಪು. ದೂರದ ದೇಶವೊಂದು ಕಳಿಸಿದ್ದ ನೌಕೆ ಶುಕ್ರನನ್ನು ಸುತ್ತುತ್ತ ಅಂಥ ಚಿತ್ರಗಳನ್ನು ಕಳಿಸುತ್ತಿತ್ತು. ಅವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದಿತ್ತು, ಚಾಮರಾಜನಗರದಲ್ಲಿ ಕರೆಂಟ್ ಇದ್ದರೆ. ಅಲ್ಲಿನ ಮೋಡಗಳಿಗೆ ಭಾರಿ ಅವಸರ. ಕೆಲವೇ ದಿನಗಳಲ್ಲಿ ಇಡೀ ಗ್ರಹವನ್ನು ಸುತ್ತಿ ಬರುತ್ತವೆ. ಗ್ರಹ ಮಾತ್ರ ಸೋಮಾರಿ, ವಾರವಾದರೂ ಮೈ ತಿರುಗಿಸಿದ್ದು ಅಷ್ಟಾಗಿ ಕಾಣದು.

ಅವಕೆಂಪು ಕ್ಯಾಮೆರಾದಲ್ಲಿ ಒಂದು ತೊಡಕಿದೆ. ಕ್ಯಾಮೆರಾ ತಾನೇ ಸ್ವಲ್ಪ ಬಿಸಿ ಇರುವುದರಿಂದ ತನ್ನ ಬಿಸಿಯನ್ನೂ ಚಿತ್ರಕ್ಕೆ ಸೇರಿಸಿಬಿಡುತ್ತದೆ. ಅದಕ್ಕಾಗಿ ನೌಕೆಯನ್ನು ಗ್ರಹದಿಂದ ಆಚೆ ತಿರುಗಿಸಿ ಖಾಲಿ ಆಕಾಶದ ಚಿತ್ರವನ್ನೂ ತೆಗೆಯುತ್ತಾರೆ. ಖಾಲಿ ಆಕಾಶದಲ್ಲಿ ಏನೂ ಇಲ್ಲ, ಆದ್ದರಿಂದ ಆ ಚಿತ್ರದಲ್ಲಿ ಬಂದದ್ದೆಲ್ಲ ಕ್ಯಾಮೆರಾದ್ದೇ. ಗ್ರಹದ ಚಿತ್ರದಿಂದ ಅದನ್ನು ಕಳೆದರೆ ಉಳಿಯುವುದು ಗ್ರಹದ್ದು. ಇದನ್ನು ಅಪ್ಪನಿಗೆ ಹೇಳಿದಾಗ ಒಂದೇ ಸಲಕ್ಕೆ ಅರ್ಥವಾಗಿತ್ತು. "ವೇ ಬ್ರಿಜ್ಜು ಕಣಮ್ಮಿ. ಮೊದ್ಲು ಖಾಲಿ ಲಾರಿ ತೂಕ, ಆಮ್ಯಾಕೆ ಲೋಡು ತೂಕ. ಕಳುದ್ರೆ ಈರುಳ್ಳಿ."

ನಮ್ಮ ಕೇಂದ್ರದಲ್ಲಿ ಈ ಕಳೆಯುವ ಕೆಲಸ ಮಾಡುತ್ತಿದ್ದುದು 'ಸರ್ ಪ್ರೋಗ್ರಾಂ'. ಷಡಕ್ಷರಿ ಸರ್ ಹಿಂದೊಮ್ಮೆ ಹೊರಗೆಲ್ಲೋ ತರಬೇತಿಗೆ ಹೋಗಿದ್ದಾಗ ಬರೆದುಕೊಂಡು ಬಂದದ್ದು. ಒಂದು ಕಡೆ ಚಿತ್ರ ಹಾಕಿದರೆ ಇನ್ನೊಂದು ಕಡೆ ತೊಳೆದಿಟ್ಟ ಚಿತ್ರ ಬರುತ್ತಿತ್ತು. ಒಳಗೆ ಏನಿದೆ ಎಂದು ಯಾರೂ ತೆರೆದು ನೋಡುತ್ತಿರಲಿಲ್ಲ. ಬೀಗವೇನೂ ಇರಲಿಲ್ಲ, ಗುರುಗಳು ಬರೆದದ್ದನ್ನು ತೆರೆದು ನೋಡುವುದು ಗುರುಗಳ ಜೇಬಿಗೆ ಕೈ ಹಾಕಿದಂತೆ ಎಂದು ಎಲ್ಲರೂ ತಿಳಿದಿದ್ದರು, ಅಷ್ಟೇ. ಹೊಸದಾಗಿ ಸೇರಿದವರು ಒಳ್ಳೆಯ ದಿನ ನೋಡಿ, ಸರ್ ಕಾಲಿಗೆ ನಮಸ್ಕಾರ ಮಾಡಿ, ಅವರ ಕೈಯಿಂದಲೇ ಪೆನ್‌ಡ್ರೈವ್ ಈಸಿಕೊಂಡು ಅದನ್ನು ಹಾಕಿಕೊಳ್ಳಬೇಕಿತ್ತು. ನಾನೂ ಹಾಗೇ ಈಸಿಕೊಂಡೆ. ನನಗಿಂತ ಮುಂಚೆ ಬಂದಿದ್ದ ನಂದೀಶ ಅದರಲ್ಲೇ ಮೋಡದ ವೇಗ ಅಳೆದು ಡಾಕ್ಟರೇಟ್ ಮುಗಿಸಿ, ನನ್ನ ಹಾಗೇ ಅತಿಥಿ ಉಪನ್ಯಾಸಕನಾಗಿ ಅಲ್ಲೇ ಉಳಿದಿದ್ದ. ಅವನಿಗೂ ಮುಂಚಿನವರದ್ದೂ ಅದರಲ್ಲೇ ಆದದ್ದು. ನಂದೀಶ ಚಂದಕವಾಡಿಯವನು, ಬಾಯಿ ತುಂಬ ಮಾತು, ಮಧ್ಯಾಹ್ನ ನನ್ನ ಡಬ್ಬಿಯಲ್ಲಿ ಅರ್ಧ ಅವನದೇ.

ಆಷಾಢದ ಗಾಳಿ ಬೀಸುತ್ತಿದ್ದಾಗ, ಒಂದು ವಾರದ ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುತ್ತಿದ್ದಾಗ ಅದು ಕಣ್ಣಿಗೆ ಬಿತ್ತು. ಗ್ರಹದ ಉತ್ತರದ ಕಡೆ ಬಿಲ್ಲಿನಂತೆ ಬಾಗಿದ ಕಪ್ಪು ಪಟ್ಟೆ. ಸುತ್ತಲಿನ ಮೋಡವೆಲ್ಲ ಓಡುತ್ತಿತ್ತು, ಅದು ಮಾತ್ರ ನಿಂತಲ್ಲೇ ನಿಂತಿತ್ತು. ಓಡುವುದನ್ನೇ ಅಳೆಯುತ್ತಿದ್ದ ನಂದೀಶ ನಿಂತದ್ದನ್ನು ಗಮನಿಸಿರಲಿಲ್ಲ. ಕೆಳಗೆ ದೊಡ್ಡ ಬೆಟ್ಟವಿದ್ದು, ಗಾಳಿ ಅದಕ್ಕೆ ಬಡಿದು ಮೇಲೆದ್ದರೆ ಹೀಗೆ ನಿಂತ ಅಲೆಯೊಂದು ಏಳಬಹುದು. ಓಡಿಹೋಗಿ ಸರ್ ಅವರನ್ನು ಕರೆದೆ. ಸರ್ ಬಂದು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, "ಮಂಜುಳಾ, ಗೆದ್ದೆ ಕಣಮ್ಮ" ಎಂದರು. ಅಷ್ಟು ಸಂತೋಷ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲಂತೂ ಇಲ್ಲವೇ ಇಲ್ಲ.

"ಪ್ರೋಗ್ರಾಂ ಒಳಗಿನ ಖಾಲಿ ಆಕಾಶದ ಚಿತ್ರ ಒಂದ್ಸಲ ನೋಡ್ಲಾ ಸರ್?" ಎಂದು ನಾನು ಅವತ್ತೇ ಕೇಳಿದ್ದೆ.

ಸರ್ ನಕ್ಕರು. "ನನ್ನ ಪ್ರೋಗ್ರಾಂನೇ ಪರೀಕ್ಷೆ ಮಾಡ್ತೀಯೇನಮ್ಮ? ನೀನು ಹೈಸ್ಕೂಲಲ್ಲಿದ್ದಾಗಿಂದ ನಡ್ಕೊಂಡು ಬಂದಿದೆ ಅದು. ನೀನು ಬರೆಯೋ ಕಡೆ ಗಮನ ಕೊಡು."

ನಂದೀಶ ನನ್ನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ. ನಾನು ತೆಪ್ಪಗೆ ಬರೆಯಲು ಕೂತೆ.

ಬರೆದದ್ದನ್ನು ವಿಜ್ಞಾನ ಪತ್ರಿಕೆಗೆ ಕಳಿಸಿ, ಅವರು ಒಪ್ಪುವ ತನಕ ಬಾಯಿ ಮುಚ್ಚಿಕೊಂಡಿರುವುದು ಪದ್ಧತಿ. ಆದರೆ ಕಾಲೇಜಿಗೆ ದರ್ಜೆ ಕೊಡುವ ತಂಡ ಬರುವುದಿತ್ತು. ಸರ್‌ಗೆ ಕಾಯುವ ವ್ಯವಧಾನ ಇರಲಿಲ್ಲ. ವರದಿಗಾರರನ್ನು ಕರೆದು ವಡೆ, ಕಾಫಿ ಕೊಟ್ಟು ಹೇಳಿಬಿಟ್ಟರು. ಕಪ್ಪು ಪಟ್ಟೆ ಎಂದರೆ ಸುದ್ದಿ ಸಪ್ಪೆಯಾಗುತ್ತದೆಂದೋ ಏನೋ, ಮರುದಿನ 'ಶುಕ್ರನಲ್ಲಿ ಕಾಮನಬಿಲ್ಲು: ಗುಂಡ್ಲುಪೇಟೆ ಯುವತಿಯ ಸಾಧನೆ' ಎಂದು ಬಂತು. ಸರಿಪಡಿಸಿ ಎಂದರೆ ಸರ್, "ಜನಕ್ಕೆ ಇಷ್ಟು ಅರ್ಥ ಆದ್ರೆ ಸಾಕು ಬಿಡು" ಎಂದರು.

ಅಪ್ಪ ಆ ಸುದ್ದಿಯನ್ನು ಕತ್ತರಿಸಿ ಲಾರಿಯ ಗಾಜಿಗೆ ಒಳಗಿನಿಂದ ಅಂಟಿಸಿದ. ಮದ್ದೂರು ಸಾಲಿನ ಡ್ರೈವರುಗಳೆಲ್ಲ ಸೇರಿ ಫ್ಲೆಕ್ಸ್ ಮಾಡಿಸಿದರು. ಫ್ಲೆಕ್ಸ್ ಅಂಗಡಿಯವನು ಶುಕ್ರನ ಜಾಗದಲ್ಲಿ ಉಂಗುರವಿದ್ದ ಶನಿಯನ್ನು ಕೂರಿಸಿದ್ದ. "ಅದು ಶನಿ ಕಣಪ್ಪ" ಎಂದೆ. "ನೋಡಾಕ್ ಚಂದಾಗದೆ, ಇರ್ಲಿ ಬುಡು" ಎಂದ ಅಪ್ಪ. ಅವ್ವ ಮಾತ್ರ, "ಹೆಣ್ ಮಗಿನ್ ತಲೆ ಪಕ್ಕ ಶನಿನ ತಂದ್ ಕುಂಡ್ರುಸ್ಬುಟ್ರಲ್ಲ, ನಿಮ್ಗೇನ್ ಬಂದಿತ್ತು" ಎಂದು ಸಂಜೆಯವರೆಗೂ ಗೊಣಗಿದಳು. ವಿಜಯದಶಮಿ ಕಳೆದ ಮೇಲಿನ ಭಾನುವಾರ ಗುಂಡ್ಲುಪೇಟೆಯ ಒಂದು ಭವನದಲ್ಲಿ ನನಗೆ ಸನ್ಮಾನ ಎಂದು ಡ್ರೈವರುಗಳ ಸಂಘದಲ್ಲಿ ನಿಶ್ಚಯವಾಯಿತು. ನಮ್ಮ ಕಡೆ ಸನ್ಮಾನವಾಗಲು ಸಾಧನೆ ಮುಗಿದಿರಬೇಕೆಂದೇನಿಲ್ಲ, ಭವನ ಖಾಲಿಯಿದ್ದರೆ ಆಯಿತು.

ಆ ವರ್ಷ ಹಿಂಗಾರು ಜೋರು. ಆಯುಧಪೂಜೆಯ ದಿನ ಜಡಿಮಳೆಯಲ್ಲೇ ಅಪ್ಪ ಲಾರಿ ತೊಳೆದು ಬಾಳೆಕಂದು ಕಟ್ಟಿದ. ನಮ್ಮ ಕೇಂದ್ರದಲ್ಲಿ ಕಂಪ್ಯೂಟರುಗಳಿಗೆ ವಿಭೂತಿ ಬಳಿದು, ಚೆಂಡು ಹೂ ಏರಿಸಿ, ಸರ್ ಪ್ರೋಗ್ರಾಂ ಇದ್ದ ಕಂಪ್ಯೂಟರಿಗೆ ಮಾತ್ರ ಗಂಧದ ಹಾರ ಹಾಕಿದೆವು. ಸರ್ ಆರತಿ ಎತ್ತಿದರು. ಅವತ್ತು ಅದನ್ನು ಮುಟ್ಟುವಂತಿಲ್ಲ.

ಹಬ್ಬ ಮುಗಿಸಿ ಬಂದ ದಿನ ನೌಕೆಯ ಹೊಸ ಚಿತ್ರಗಳನ್ನು ಇಳಿಸಿಕೊಂಡು ಪ್ರೋಗ್ರಾಮಿಗೆ ಹಾಕಿದೆ. ಬಿಸಿಲು ಬೀಳುವ ಮಗ್ಗುಲು ಬದಲಿಸಲು ಆ ದೇಶದವರು ನೌಕೆಯನ್ನು ಅರ್ಧ ಸುತ್ತು ಹೊರಳಿಸಿದ್ದರು. ಅಂದರೆ ಕ್ಯಾಮೆರಾ ಈಗ ತಲೆಕೆಳಗು. ನಾನು ಚಿತ್ರಗಳನ್ನು ನೆಟ್ಟಗೆ ತಿರುಗಿಸಿಕೊಂಡು ನೋಡಿದೆ. ಉತ್ತರದಲ್ಲಿ ಬಿಲ್ಲು ಇರಲಿಲ್ಲ. ದಕ್ಷಿಣದಲ್ಲಿ ಇತ್ತು, ಅದೇ ಬಾಗು, ಅದೇ ಉದ್ದ. ಗ್ರಹದ ಮೇಲಿನ ಬಿಲ್ಲಾಗಿದ್ದರೆ ಕ್ಯಾಮೆರಾ ಹೊರಳಿದರೂ ಉತ್ತರದಲ್ಲೇ ಇರಬೇಕಿತ್ತು. ಕ್ಯಾಮೆರಾ ಜೊತೆ ತಾನೂ ಹೊರಳಿತು ಅಂದರೆ ಅದು ಗ್ರಹದ್ದಲ್ಲ, ನಮ್ಮದು. ಯಾರನ್ನೂ ಕೇಳದೆ ಸರ್ ಪ್ರೋಗ್ರಾಂ ತೆರೆದೆ.

ಒಳಗೆ ಇದ್ದದ್ದು ಖಾಲಿ ಆಕಾಶದ ಒಂದೇ ಒಂದು ಚಿತ್ರ. ನೌಕೆ ಶುಕ್ರನ ಬಳಿಗೆ ಹೋದ ಹೊಸದರಲ್ಲಿ ತೆಗೆದದ್ದು. ಸರ್ ಅದನ್ನೇ ಇಷ್ಟು ವರ್ಷ ಎಲ್ಲ ಚಿತ್ರಗಳಿಂದಲೂ ಕಳೆಯುತ್ತ ಬಂದಿದ್ದರು. ಹೊಳಪು ಹೆಚ್ಚಿಸಿ ನೋಡಿದೆ. ಮೂಲೆಯಲ್ಲಿ ಮಂದವಾಗಿ, ಬಿಲ್ಲಿನಂತೆ ಬಾಗಿ, ಶುಕ್ರನ ಅಂಚು. ಖಾಲಿ ಆಕಾಶ ಖಾಲಿಯೇ ಇರಲಿಲ್ಲ. ಆ ಅಂಚಿನ ಹೊಳಪನ್ನು ಕಳೆದ ಕಡೆಯಲ್ಲೆಲ್ಲ ಅದೇ ಆಕಾರದ ಕಪ್ಪು ಉಳಿದಿತ್ತು. ನಾನು ಕಂಡದ್ದು ಆ ಕಪ್ಪನ್ನು.

ಸರ್ ಕೋಣೆಗೆ ಹೋಗಿ ತೋರಿಸಿದೆ. ಅವರು ದಡ್ಡರಲ್ಲ, ನನಗಿಂತ ಬೇಗ ಅರ್ಥವಾಗಿತ್ತು.

"ಯಾರಿಗೆ ಹೇಳಿದ್ದೀಯ?" ಎಂದರು.

"ಯಾರಿಗೂ ಇಲ್ಲ ಸರ್."

"ಸನ್ಮಾನ ಮುಗೀಲಿ. ಆಮೇಲೆ ನಿಧಾನಕ್ಕೆ ನೋಡೋಣ."

"ಸುಳ್ಳಿಗೆ ಸನ್ಮಾನ ಹೆಂಗೆ ಮಾಡಿಸ್ಕೊಳ್ಲಿ ಸರ್?"

"ಸುಳ್ಳು ಅನ್ನಬೇಡ. ಈ ಪ್ರೋಗ್ರಾಮಲ್ಲಿ ಎಷ್ಟು ಜನ ಡಾಕ್ಟರೇಟ್ ತಗೊಂಡಿದ್ದಾರೆ ಗೊತ್ತಾ? ಅವರ ಹೊಟ್ಟೆ ಮೇಲೆ ಹೊಡೀತೀಯಾ?" ಎಂದು ಸರ್ ದನಿ ಇಳಿಸಿದರು. "ಹುದ್ದೆ ವಿಚಾರನೂ ಯೋಚನೆ ಮಾಡಮ್ಮ."

ನನಗೆ ಹುದ್ದೆ ಬೇಕಿತ್ತು, ಸುಳ್ಳು ಹೇಳುವುದಿಲ್ಲ. ಬಸ್ಸಿನಲ್ಲಿ ಮನೆಗೆ ಹೋಗುವಾಗ ಬಾಯಿ ಮುಚ್ಚಿಕೊಂಡರೆ ಏನಾದೀತು ಎಂದು ಲೆಕ್ಕ ಹಾಕಿದ್ದೂ ಉಂಟು. ಆದರೆ ಗಾಜಿಗೆ ಪೇಪರು ಅಂಟಿಸಿಕೊಂಡು ಓಡಾಡುವ ಅಪ್ಪನಿಗೆ ಇಲ್ಲದ್ದನ್ನು ಇದೆ ಎಂದು ನಂಬಿಸಿಕೊಂಡಿರಲು ನನ್ನಿಂದ ಆಗುತ್ತಿರಲಿಲ್ಲ. ಮರುದಿನ ಹೋಗಿ, "ಭಾನುವಾರ ವೇದಿಕೆ ಮೇಲೆ ನಾನೇ ನಿಜ ಹೇಳ್ತೀನಿ ಸರ್. ನಿಮ್ಮ ಹೆಸರು ಕೆಡೋ ಹಾಗೆ ಹೇಳಲ್ಲ" ಎಂದೆ. ಸರ್ ನನ್ನ ಮುಖವನ್ನೇ ನೋಡಿದರು. "ಸರಿ. ನಿನ್ನಿಷ್ಟ" ಎಂದರು. ಅಷ್ಟು ಸುಲಭಕ್ಕೆ ಒಪ್ಪಿದರಲ್ಲ, ದೊಡ್ಡ ಮನುಷ್ಯರು ಎಂದುಕೊಂಡೆ. ಅಷ್ಟು ಪೆದ್ದಿಯಾಗಿದ್ದೆ ನಾನು.

ನಂದೀಶನಿಗೂ ಹೇಳಿದೆ. ಅವನು ಅವತ್ತು ನನ್ನ ಡಬ್ಬಿಗೆ ಕೈ ಹಾಕಲಿಲ್ಲ. "ನೀ ಹೇಳಾದು ಸರಿ ಕಣೆ. ಆದ್ರೆ ನಂದೂ ಅದ್ರಲ್ಲೇ ಅಲ್ವ ಆಗಿರಾದು. ನನ್ನ ಮಧ್ಯ ಎಳೀಬ್ಯಾಡ" ಎಂದು ಎದ್ದು ಹೋದ.

ಭಾನುವಾರ ಬೆಳಿಗ್ಗೆಯಿಂದ ಮಳೆ. ಭವನದ ಮುಂದೆ ಕೆಸರಿನಲ್ಲಿ ಲಾರಿಗಳು ನಿಂತಿದ್ದವು. ಅವತ್ತು ಬಹಳ ಡ್ರೈವರುಗಳು ಲೋಡು ಬಿಟ್ಟು ಬಂದಿದ್ದರು. ಅಪ್ಪ ಇಸ್ತ್ರಿ ಬಟ್ಟೆ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದ, ಪಕ್ಕದಲ್ಲಿ ಅವ್ವ, ಕೂಲಿಯ ಹೆಂಗಸರು. ವೇದಿಕೆಯ ಮೇಲೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಜೋಡಿಸಿಟ್ಟಿದ್ದರು. ನನ್ನ ಮಾತು ಕೊನೆಯಲ್ಲಿತ್ತು. ಸರ್ ಮಾತು ಮೊದಲು.

ಸರ್ ಎದ್ದು ಮೈಕು ಹಿಡಿದರು. "ಬಂಧುಗಳೇ, ಇವತ್ತು ನಾನು ಹೊಗಳಿಸಿಕೊಳ್ಳಲು ಬಂದಿಲ್ಲ, ತಪ್ಪು ಒಪ್ಪಿಕೊಳ್ಳಲು ಬಂದಿದ್ದೇನೆ" ಎಂದು ಶುರು ಮಾಡಿದರು. "ನನ್ನ ವಿದ್ಯಾರ್ಥಿನಿ ಕಂಡದ್ದು ಶುಕ್ರನ ಮೋಡವಲ್ಲ. ಅವಸರದಲ್ಲಿ ಬಳಸಬಾರದ ಒಂದು ಚಿತ್ರವನ್ನು ಬಳಸಿಬಿಟ್ಟಿದ್ದಾಳೆ. ಈ ವಾರ ಪರಿಶೀಲಿಸುವಾಗ ಅದು ನನ್ನ ಕಣ್ಣಿಗೆ ಬಿತ್ತು. ಮುಚ್ಚಿಡಬಹುದಿತ್ತು. ನನ್ನ ಆತ್ಮಸಾಕ್ಷಿ ಒಪ್ಪಲಿಲ್ಲ. ದಯವಿಟ್ಟು ಹುಡುಗಿಯನ್ನು ಯಾರೂ ಬಯ್ಯಬೇಡಿ. ಬಡವರ ಮನೆಯ ಮಗು, ಬೇಗ ಮೇಲೆ ಬರಬೇಕೆಂಬ ಆಸೆ. ಗುರುವಾಗಿ ಆ ತಪ್ಪು ನನ್ನದೂ ಹೌದು."

ಮೊದಲು ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಇಡೀ ಭವನ ತಟ್ಟಿತು. ನಾನು ಎದ್ದು ನಿಂತೆ. "ಸುಳ್ಳು! ಪ್ರೋಗ್ರಾಂ ಸರ್‌ದು, ತಪ್ಪು ಕಂಡುಹಿಡಿದೋಳು ನಾನು" ಎಂದೆ. ಮೈಕು ದೂರವಿತ್ತು, ಮಳೆ ತಗಡಿನ ಮೇಲೆ ಬಡಿಯುತ್ತಿತ್ತು. ಸರ್ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ, "ಅಳಬೇಡಮ್ಮ, ಯಾರೂ ನಿನ್ನ ಮೇಲೆ ಸಿಟ್ಟು ಮಾಡ್ಕೊಂಡಿಲ್ಲ" ಎಂದರು. ನಾನು ಅಳುತ್ತಿರಲಿಲ್ಲ. ಅವರು ಹೇಳಿದ ಮೇಲೆ ಅಳು ಬಂತು, ಅದು ಎಲ್ಲರಿಗೂ ಕಂಡಿತು. ಮೈಕು ಕೊಡಿ ಎಂದು ಸಂಘದ ಅಧ್ಯಕ್ಷರ ಕಡೆ ಕೈ ಚಾಚಿದೆ. "ಈಗ್ ಬ್ಯಾಡ ಕಣವ್ವ, ಸಮಾಧಾನ ಮಾಡ್ಕೊ. ಊಟ ತಣ್ಣಗಾಯ್ತದೆ" ಎಂದರು ಅವರು. ತಂದಿಟ್ಟ ಪೇಟ, ಶಾಲು ದಂಡವಾಗಬಾರದಲ್ಲ? ಅವನ್ನು ಸರ್‌ಗೆ ತೊಡಿಸಿದರು. ಪ್ರಾಮಾಣಿಕತೆಗೆ. ಹಣ್ಣಿನ ಬುಟ್ಟಿ ಉಳಿದಿತ್ತು, ಅದನ್ನು ನನ್ನ ಕೈಗೆ ಕೊಟ್ಟರು. ಫೋಟೊ ತೆಗೆದರು.

ಅಪ್ಪನೂ ಚಪ್ಪಾಳೆ ತಟ್ಟಿದ್ದ. ಅದನ್ನು ನಾನು ನೋಡಿದೆ.

ಸೋಮವಾರ ಪೇಪರಿನಲ್ಲಿ 'ವೇದಿಕೆಯಲ್ಲೇ ತಪ್ಪು ಒಪ್ಪಿಕೊಂಡು ಮಾದರಿಯಾದ ಪ್ರಾಧ್ಯಾಪಕ' ಎಂದು ಬಂತು. ಕಾಲೇಜಿಗೆ ಹೋಗಿ ಪ್ರೋಗ್ರಾಂ ತೆರೆದರೆ ಒಳಗೆ ಬೇರೆ ಆಕಾಶದ ಚಿತ್ರವಿತ್ತು, ಅಚ್ಚುಕಟ್ಟಾಗಿ, ನಿಜವಾಗಿಯೂ ಖಾಲಿ. ಎಲ್ಲರಿಗೂ ಹೊಸ ಪೆನ್‌ಡ್ರೈವ್ ಹಂಚಿಯಾಗಿತ್ತು. ಯಾಕೆ ಎಂದು ಒಬ್ಬರೂ ಕೇಳಿರಲಿಲ್ಲ. ಹಳೆಯದು ಉಳಿದಿದ್ದುದು ನನ್ನ ಹತ್ತಿರ ಮಾತ್ರ, ಅದನ್ನು ನೋಡಲು ಕಾಲೇಜಿನಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. "ಬೇರೆ ವಿಷಯ ತಗೊಂಡು ಮೊದಲಿಂದ ಶುರು ಮಾಡು, ನಾನಿದ್ದೀನಿ" ಎಂದರು ಸರ್. ಹುದ್ದೆ ನಂದೀಶನಿಗಾಯಿತು. ಅವನು ಸ್ವೀಟ್ ಬಾಕ್ಸ್ ಹಿಡಿದು ನನ್ನ ಹತ್ತಿರವೂ ಬಂದ. ತಿನ್ನಲಿಲ್ಲ. ಆ ವಾರವೇ ಕಾಲೇಜು ಬಿಟ್ಟೆ.

ಮದ್ದೂರು ಸಾಲಿನಲ್ಲಿ ಅಪ್ಪನಿಗೆ ಹೊಸ ಹೆಸರು ಬಿದ್ದಿತ್ತು. ಫ್ಲೆಕ್ಸ್ ಮಾಡಿಸಿದ್ದವರೇ ಇಟ್ಟದ್ದು. "ಓಯ್ ಕಾಮನಬಿಲ್ಲು, ಇವತ್ತೇನ್ಲಾ ಲೋಡು?" "ಸಿದ್ದರಾಜಣ್ಣ, ಬೆಳ್ಳಿ ಇದ್ದದಾ ಇಲ್ಲಾ ಅದೂ ಅಳಿಸೋಯ್ತಾ, ತಿರುಗ್ ನೋಡು." ಮನೆಯಲ್ಲಿ ಅಪ್ಪ ಒಂದು ಮಾತೂ ಆಡಲಿಲ್ಲ, ಅವನ ಕ್ಲೀನರ್ ಅವ್ವನಿಗೆ ಹೇಳಿದ್ದು. ಅಪ್ಪ ಗಾಜಿನ ಪೇಪರು ಕೆರೆದು ತೆಗೆದ. ಕೇರಳದ ಲೋಡು ಬಿಟ್ಟು ಮೈಸೂರು ಕಡೆಯ ಲೋಡು ಹಿಡಿದ.

ಕಾರ್ತಿಕದಲ್ಲಿ ಒಂದು ದಿನ, "ಬಾ ಮಂಜಿ, ಚಾಮರಾಜನಗರಕ್ಕೆ ಓಗ್ಬುಟ್ ಬರನ" ಎಂದ. ಏನೋ ಕೆಲಸವಿರಬೇಕೆಂದು ಹತ್ತಿದೆ. ಲಾರಿಯಲ್ಲಿ ನನ್ನ ಕಾಲ ಬಳಿ ಒಂದು ಮೂಟೆ ಸಣ್ಣ ಈರುಳ್ಳಿ, ಒಂದು ಗೊನೆ ನೇಂದ್ರ ಬಾಳೆ. ಲಾರಿ ಹೋಗಿ ನಿಂತದ್ದು ಷಡಕ್ಷರಿ ಸರ್ ಮನೆಯ ಮುಂದೆ. "ಬ್ಯಾಡ ಕಣಪ್ಪ" ಎಂದೆ. "ನೀ ಇಳೀಬ್ಯಾಡ, ಕುಂತಿರು" ಎಂದ. ಗೇಟಿನ ಹೊರಗೇ ಚಪ್ಪಲಿ ಬಿಟ್ಟ. ಮೂಟೆಯನ್ನು ತಾನೇ ಹೊತ್ತುಕೊಂಡು ಹೋಗಿ ಜಗಲಿಯ ಮೇಲೆ ಇಳಿಸಿದ. ಸರ್ ಹೊರಗೆ ಬಂದರು. ನಾನು ಲಾರಿಯ ಕಿಟಕಿಯಲ್ಲಿದ್ದೆ, ಎಲ್ಲ ಕಾಣುತ್ತಿತ್ತು, ಎಲ್ಲ ಕೇಳುತ್ತಿತ್ತು. ಅಪ್ಪ ಅಂಗಳದಲ್ಲಿ ಅವರ ಕಾಲಿಗೆ ಅಡ್ಡಬಿದ್ದ.

"ಏನೋ ತಿಳೀದೆ ಮಾಡ್ಬುಟ್ಟದೆ ಬುದ್ಧಿ. ಒಟ್ಟೆಗ್ ಆಕ್ಕಳಿ."

"ಏಳಿ ಯಜಮಾನ್ರೆ, ಏಳಿ. ಹುಡುಗ್ರು ತಪ್ಪು ಮಾಡ್ದೆ ಇರ್ತಾರಾ? ನಾನು ಅವತ್ತೇ ಮರ್ತೆ" ಎಂದರು ಸರ್. ಕಿಟಕಿಯಲ್ಲಿದ್ದ ನನ್ನ ಕಡೆ ನೋಡಿದರು. ಆ ಕಣ್ಣಿನಲ್ಲಿ ನಾಚಿಕೆ ಇದೆಯಾ ಎಂದು ಹುಡುಕಿದೆ. ಇರಲಿಲ್ಲ. ಬಾಳೆಗೊನೆಯನ್ನು ಒಳಗೆ ತೆಗೆದುಕೊಂಡು ಹೋಗುವಂತೆ ಮನೆಯವರಿಗೆ ಹೇಳಿದರು.

ವಾಪಸ್ಸು ಬರುವಾಗ ತಡೆಯಲಾರದೆ ಎಲ್ಲ ಹೇಳಿದೆ. ಅವನಿಗೆ ತಿಳಿಯುವ ಹಾಗೇ ಹೇಳಿದೆ. "ಖಾಲಿ ಲಾರಿ ತೂಕ ಹಾಕೋವಾಗ ಒಳಗೆ ಒಬ್ಬ ಕುಂತಿದ್ರೆ ಏನಾಯ್ತದಪ್ಪ?"

"ಪ್ರತಿ ಲೋಡ್ನಲ್ಲೂ ಅವುನ್ ತೂಕ ಕಮ್ಮಿ ಬತ್ತದೆ."

"ಅದೇ ಆಗಿರೋದು. ಒಳಗೆ ಕುಂಡ್ರಿಸಿದ್ದು ಸರ್. ಕಂಡುಹಿಡಿದೋಳು ನಾನು. ಅವ್ರು ಅವತ್ತು ವೇದಿಕೆ ಮೇಲೆ ಅದ್ನ ತಿರುಗಿಸಿ ಹೇಳುದ್ರು."

ಅಪ್ಪ ಗೇರು ಬದಲಿಸಿದ. ಹೊಲಗಳಲ್ಲಿ ಹೂವು ಮುಗಿದು ಕಡ್ಡಿ ನಿಂತಿತ್ತು. ಅವನಿಗೆ ಅರ್ಥವಾಗಿದೆ, ಈಗ ಲಾರಿ ತಿರುಗಿಸುತ್ತಾನೆ, ಆ ಮೂಟೆಯನ್ನು ವಾಪಸ್ಸು ಹೊತ್ತು ತರುತ್ತಾನೆ ಎಂದು ಕಾದೆ.

"ಅಷ್ಟ್ ಓದ್ದೋರು ಅಂಗ್ ಮಾಡಾರಾ ಮಂಜಿ?" ಎಂದ ಕೊನೆಗೆ. "ಮಾಡಿದ್ರೆ, ಅಷ್ಟ್ ಜನ್ರ ಮುಂದೆ ತಪ್ಪು ಅಂತ ಅವ್ರೇ ಯಾಕ್ ಹೇಳಾರು? ನಿನ್ಗೇ ಗೊತ್ತಾಗ್ದಂಗ್ ಆಗೋಗದೆ. ಓಗ್ಲಿ ಬುಡು. ನಾ ಏನೂ ಅನ್ಕಂಡಿಲ್ಲ ಕಣಮ್ಮಿ." ಎಡಗೈಯಿಂದ ನನ್ನ ತಲೆ ಸವರಿದ. ಅವನ ಕೈ ಕೊಡವಿಬಿಡಬೇಕು ಅನ್ನಿಸಿತು. ಕೊಡವಲಿಲ್ಲ.

ಆಮೇಲೆ ಗುಂಡ್ಲುಪೇಟೆಯ ಒಂದು ಶಾಲೆಗೆ ವಿಜ್ಞಾನ ಹೇಳಿಕೊಡಲು ಸೇರಿದೆ, ಈಗಲೂ ಅಲ್ಲೇ ಇದ್ದೇನೆ. ಆ ಚಳಿಗಾಲದಲ್ಲಿ, ಬೇರೆ ಯಾರೂ ಕೇಳದಿದ್ದರೆ ಬೇಡ ಎಂದು, ನೌಕೆ ಕಳಿಸಿದ ದೇಶದವರಿಗೇ ಬರೆದೆ. ಹಳೆಯ ಪ್ರೋಗ್ರಾಮಿನ ಆ ಖಾಲಿ ಆಕಾಶದ ಚಿತ್ರ, ಅದರ ಮೂಲೆಯ ಅಂಚು, ಹೊರಳಿದ ಮೇಲೆ ದಕ್ಷಿಣಕ್ಕೆ ಹೋದ ಬಿಲ್ಲು, ಎಲ್ಲ ಕಳಿಸಿದೆ. ಅವರು ನನ್ನನ್ನು ಯಾರ ವಿದ್ಯಾರ್ಥಿನಿ ಎಂದು ಕೇಳಲಿಲ್ಲ. ತಾವೇ ನೋಡಿ, ಹೌದು ಎಂದರು. ಯುಗಾದಿ ಕಳೆದು ಬಿಸಿಲೇರಿದ ಒಂದು ಭಾನುವಾರ ಅವರ ಜಾಲತಾಣದಲ್ಲಿ ಎರಡು ಸಾಲು ಬಂತು. ಈ ಚಿತ್ರದಲ್ಲಿ ಗ್ರಹದ ಅಂಚು ಸೇರಿಕೊಂಡಿದೆ, ಯಾರೂ ಬಳಸಬೇಡಿ. ಇದನ್ನು ಪತ್ತೆಹಚ್ಚಿದವರು ಎಸ್. ಮಂಜುಳಾ, ಗುಂಡ್ಲುಪೇಟೆ. ನಮ್ಮ ಊರಿನ ಹೆಸರನ್ನು ಅಲ್ಲಿ ನೋಡಿ ನಾನು ಮನೆಯೊಳಗೆ ಕೂಗಿಕೊಂಡೇ ಓಡಿದೆ.

ಅಪ್ಪ ಮಧ್ಯಾಹ್ನದ ಊಟಕ್ಕೆ ಕೂತಿದ್ದ. ಫೋನನ್ನು ಅವನ ಮುಖದ ಮುಂದೆ ಹಿಡಿದೆ. ಅಪ್ಪನಿಗೆ ಇಂಗ್ಲಿಷ್ ಬಾರದು. ತುತ್ತು ಕೈಯಲ್ಲೇ ಹಿಡಿದು ಬಗ್ಗಿ ನೋಡಿದ.

"ಏನ್ ಬರ್ದವ್ರೆ?"

"ಆ ಚಿತ್ರ ತಪ್ಪು ಅಂತ ಅವ್ರೇ ಬರ್ದವ್ರೆ ಕಣಪ್ಪ. ನನ್ನ ಹೆಸ್ರು ಹಾಕವ್ರೆ ನೋಡು. ಇಲ್ಲಿ."

"ತಪ್ಪು ಅಂತವಾ?" ಅಪ್ಪನ ಮುಖ ಸಣ್ಣದಾಯಿತು. "ಅಲ್ಲೀಗಂಟ ಓಗದಾ ಇದು?"

"ಅಪ್ಪ, ತಪ್ಪು ನಂದಲ್ಲ ಅಂತ ಕಣಪ್ಪ—"

"ನಿನ್ ಎಸ್ರು ಅದೆ ಅಂದ್ಯಲ್ಲ." ತುತ್ತನ್ನು ತಟ್ಟೆಗೆ ಇಳಿಸಿದ. ಬಾಗಿಲ ಕಡೆ ಒಂದು ಸಲ ನೋಡಿ, ಹೊರಗಿನವರಿಗೆ ಕೇಳಬಾರದೆಂಬಂತೆ ಕೇಳಿದ. "ಕ್ಸಮಿಸವ್ರಾ?"

ನಾನು ಅವ್ವನ ಮುಖ ನೋಡಿದೆ. ಅವ್ವ ತಲೆ ಎತ್ತಲಿಲ್ಲ, ಸಾರಿನ ಪಾತ್ರೆಯಲ್ಲಿ ಸೌಟು ಆಡಿಸುತ್ತಿದ್ದಳು.

"ಹೂಂ ಕಣಪ್ಪ" ಎಂದೆ. "ಕ್ಷಮಿಸವ್ರೆ."

"ಸದ್ಯ" ಎಂದ ಅಪ್ಪ. ಬಹಳ ದಿನಗಳ ಮೇಲೆ ಅವತ್ತು ಇನ್ನೊಂದು ಮುದ್ದೆ ಹಾಕಿಸಿಕೊಂಡ.